ಅಜ್ಜಿ ಪ್ರತಿ ಸಲ ಅದೇ ನಾಲ್ಕು ಕಥೆ ಹೇಳುತ್ತಾರೆ, ಉಳಿದದ್ದನ್ನು ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜಿಗೆ (ಅಪ್ಪನ ತಾಯಿ) ಎಂಬತ್ತು ದಾಟಿದೆ. ತವರು ಹಾವೇರಿ ಕಡೆಯ ಹಳ್ಳಿ, ಕೊಟ್ಟದ್ದು ಶಿಕಾರಿಪುರದ ಕಡೆಗೆ. ಈಗ ಶಿವಮೊಗ್ಗದಲ್ಲಿ ಅಪ್ಪ ಅಮ್ಮನ ಜೊತೆ ಇದ್ದಾರೆ. ನಾನು ಬೆಂಗಳೂರಿನಲ್ಲಿದ್ದೇನೆ, ರಜೆಗೆ ಹೋದಾಗ ಅವರ ಮದುವೆಯಾದ ಹೊಸತರ ಕಥೆಗಳನ್ನು ರೆಕಾರ್ಡ್ ಮಾಡಿ ಇಡಬೇಕೆಂಬ ಆಸೆ. ಆದರೆ ಯಾವಾಗಲೂ ಅದೇ ನಾಲ್ಕು: ಮೊದಲ ಸಲ ರೊಟ್ಟಿ ಬಡಿದಾಗ ಮನೆಯವರೆಲ್ಲ ನಕ್ಕದ್ದು, ಪಂಚಮಿಗೆ ಕರೆಯಲು ಬಂದ ಅಣ್ಣನನ್ನು ಅತ್ತೆ ಬರಿಗೈಯಲ್ಲಿ ವಾಪಸ್ ಕಳಿಸಿದ್ದು, ಕೊಡ ಬಾವಿಗೆ ಬಿದ್ದದ್ದು, ಅಜ್ಜ ಯಾರಿಗೂ ಕಾಣದ ಹಾಗೆ ಹೂ ತಂದುಕೊಟ್ಟದ್ದು. ಬೇರೆ ಏನು ಕೇಳಿದರೂ "ಅದ್ರಾಗ ಏನೈತಿ ಹೇಳಾಕ" ಎನ್ನುತ್ತಾರೆ. ಮೊಬೈಲ್ ಎತ್ತಿದರೆ ಮಾತೇ ನಿಲ್ಲುತ್ತದೆ. ಮದುವೆಯಾದಾಗಿನ ವಯಸ್ಸು ಒಮ್ಮೆ ಹದಿನಾಲ್ಕು ಅನ್ನುತ್ತಾರೆ, ಒಮ್ಮೆ ಹದಿನಾರು. ಅಪ್ಪ ಅಂತೂ "ನಮ್ಮಜ್ಜಿ ಹಾಗಿರಲೇ ಇಲ್ಲ" ಎಂದು ಎದ್ದು ಹೋಗುತ್ತಾರೆ. ಹೇಗೆ ಕೇಳಬೇಕು, ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಅಜ್ಜಿ "ಅದ್ರಾಗ ಏನೈತಿ ಹೇಳಾಕ" ಎಂದಾಗ ಏನನ್ನೂ ಮುಚ್ಚಿಡುತ್ತಿಲ್ಲ. ಅವರ ಲೆಕ್ಕದಲ್ಲಿ ಕಥೆ ಅಂದರೆ ಆ ನಾಲ್ಕೇ. ಅವಮಾನ, ಅಳು, ಹೆದರಿಕೆ, ಸಂತೋಷ ಒಂದೊಂದಕ್ಕೂ ಒಂದು ಕಥೆ ಇದೆ. ಅವುಗಳನ್ನು ಅಕ್ಕಪಕ್ಕದವರಿಗೆ, ಮಗಳಿಗೆ, ಸೊಸೆಗೆ ಹೇಳಿ ಹೇಳಿ ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಎಂಬುದೂ ಗಟ್ಟಿಯಾಗಿದೆ. ನಿಮಗೆ ಬೇಕಾಗಿರುವ ಉಳಿದದ್ದು ಅವರಿಗೆ ಕಥೆಯೇ ಅಲ್ಲ, ದಿನಾ ಮಾಡಿದ ಕೆಲಸ. ನಸುಕಿನಲ್ಲಿ ಮೊದಲು ಏಳುತ್ತಿದ್ದವರು ಯಾರು, ಒಲೆ ಹಚ್ಚುವ ಹಕ್ಕು ಯಾರದು, ಉಗ್ರಾಣದ ಕೀಲಿ ಯಾರ ಸೊಂಟದಲ್ಲಿತ್ತು, ಸೊಸೆಯರ ಊಟ ಎಷ್ಟು ಹೊತ್ತಿಗೆ, ಕೊನೆಗೆ ಉಳಿಯುತ್ತಿದ್ದದ್ದು ಏನು? ಇದನ್ನು ಯಾರಾದರೂ ಕೇಳಿಯಾರು ಎಂದು ಅವರು ಎಣಿಸಿಯೇ ಇಲ್ಲ. ಹಾಗಾಗಿ "ನಿಮ್ಮ ಕಾಲದ ಕಥೆ ಹೇಳಿ" ಎಂದು ಕೂತರೆ ಸಿಗುವುದು ಆ ನಾಲ್ಕೇ. "ಆಗ ನಿನಗೆ ಹೇಗನ್ನಿಸ್ತು" ಎಂಬ ಪ್ರಶ್ನೆಯಂತೂ ಟಿವಿಯವರಿಗೆ ಇರಲಿ.

ಮನೆಯಿಂದ ಶುರು ಮಾಡಿ. ಒಂದು ಹಾಳೆ, ಪೆನ್ಸಿಲ್ ತಗೊಂಡು ಅಜ್ಜಿಯ ಪಕ್ಕ ಕೂತು "ತಲೆಬಾಗಿಲು ಯಾವ ದಿಕ್ಕಿಗಿತ್ತು" ಎಂದು ಕೇಳಿ ಒಂದು ಚೌಕ ಬರೆಯಿರಿ. ನೀವು ಸೊಟ್ಟಗೆ ಬರೆದಷ್ಟೂ ಒಳ್ಳೆಯದು, ಅಜ್ಜಿ ತಿದ್ದಲು ಶುರು ಮಾಡುತ್ತಾರೆ. ಒಳಗೆ ಕಾಲಿಟ್ಟರೆ ದನ ಕಟ್ಟುವ ಜಾಗ ಎಡಕ್ಕೋ ಬಲಕ್ಕೋ, ಪಡಸಾಲೆ ಎಷ್ಟು ಎತ್ತರ, ಅಡುಗೆಮನೆಗೆ ಬೆಳಕು ಎಲ್ಲಿಂದ, ಬಚ್ಚಲು ಒಳಗೋ ಹೊರಗೋ, ಬೀಸುವ ಕಲ್ಲು ಎಲ್ಲಿ ಹೂಡಿತ್ತು. ಇಷ್ಟು ಆದ ಮೇಲೆ ಆ ಹಾಳೆಯ ಮೇಲೆ ಅಜ್ಜಿಯನ್ನು ಓಡಾಡಿಸಿ. ಮಾವ ಪಡಸಾಲೆಯಲ್ಲಿ ಕೂತಿದ್ದರೆ ನೀನು ನೀರಿಗೆ ಹೋಗುತ್ತಿದ್ದದ್ದು ಯಾವ ಬಾಗಿಲಿಂದ? ಹೊಸತರಲ್ಲಿ ಎಲ್ಲಿ ಮಲಗುತ್ತಿದ್ದಿ, ಪಕ್ಕದಲ್ಲಿ ಯಾರು? ಅತ್ತೆಯ ಕಣ್ಣಿಗೆ ಬೀಳದ ಜಾಗ ಮನೆಯಲ್ಲಿ ಇತ್ತಾ? ಈ ಕೊನೆಯ ಪ್ರಶ್ನೆಗೆ ಬಹಳ ಅಜ್ಜಿಯರು ಮೊದಲು ನಗುತ್ತಾರೆ. ಹಿತ್ತಲು, ಅಟ್ಟ, ಕಟ್ಟಿಗೆ ಒಟ್ಟಿದ ಮೂಲೆ, ಹೊಳೆಯ ದಾರಿ ಅಂತ ಒಂದೊಂದೇ ಬರುತ್ತವೆ. ಒಂದೊಂದು ಜಾಗದ ಹಿಂದೆಯೂ ಯಾರೂ ಕೇಳದ ಸಂಗತಿ ಇರುತ್ತದೆ.

ಇನ್ನು ನಿಮ್ಮ ಪಂಚಮಿಯ ಕಥೆ. ಇದು ಸಿಕ್ಕಾಪಟ್ಟೆ ಮುಖ್ಯವಾದದ್ದು, ಆದ್ದರಿಂದ ಸ್ವಲ್ಪ ಬಿಡಿಸಿ ನೋಡೋಣ. ಹಾವೇರಿ, ಧಾರವಾಡ, ಗದಗದ ಕಡೆ ಶ್ರಾವಣದ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ತವರಲ್ಲಿ ಉಂಡಿ ಕಟ್ಟಬೇಕು, ಜೋಕಾಲಿ ಜೀಕಬೇಕು. ಅಣ್ಣ ಬಂದೂ ಹೋಗಲಾಗಲಿಲ್ಲ ಅಂದರೆ ಅದು ಜೀವಮಾನವಿಡೀ ಹೇಳುವ ನೋವೇ. ಆದರೆ ಅಜ್ಜಿ ಬಂದು ಸೇರಿದ್ದು ಭತ್ತದ ಸೀಮೆಗೆ. ಶ್ರಾವಣ ಅಂದರೆ ಜುಲೈ ಕೊನೆ, ಆಗಸ್ಟ್. ಶಿಕಾರಿಪುರದ ಕಡೆ ಗದ್ದೆಯಲ್ಲಿ ನಾಟಿಯೋ ಕಳೆಯೋ ನಡೆದು ಹೆಂಗಸರ ಒಂದೊಂದು ಕೈಯೂ ಲೆಕ್ಕಕ್ಕೆ ಬರುವ ಹೊತ್ತು. ತವರಿನ ಕಡೆ ಹಿಂಗಾರಿ ಜೋಳದ ಬಿತ್ತನೆಗೆ ಇನ್ನೂ ಸಮಯವಿದೆ, ಅಲ್ಲಿ ಅದೇ ದಿನಗಳಲ್ಲಿ ಜೋಕಾಲಿ ಕಟ್ಟಲು ಪುರಸೊತ್ತಿದೆ. ಒಂದೇ ಹಬ್ಬ ಎರಡು ಬೆಳೆಯ ನಡುವೆ ಸಿಕ್ಕಿಕೊಂಡಿರಬಹುದು.

ಇದನ್ನು ನೀವು ಅಜ್ಜಿಗೆ ವಿವರಿಸಲು ಹೋಗಬೇಡಿ, ದಯವಿಟ್ಟು. "ನಿಮ್ಮ ಅತ್ತೆಯದೂ ತಪ್ಪಿಲ್ಲ ಅಜ್ಜಿ" ಎಂದರೆ ಅಲ್ಲಿಗೆ ಮಾತು ಮುಗಿಯಿತು. ಕಾರಣ ಇತ್ತು ಅಂದಮಾತ್ರಕ್ಕೆ ಕಳಿಸದಿದ್ದದ್ದು ನ್ಯಾಯವಾಗುವುದೂ ಇಲ್ಲ. ಬದಲಿಗೆ ಆ ದಿನವನ್ನೇ ಕೇಳಿ. ಅಣ್ಣ ಬಂದದ್ದು ಬೆಳಿಗ್ಗೆಯೋ ಸಂಜೆಯೋ? ಗಾಡಿಯಲ್ಲೋ ನಡೆದೋ? ಎಲ್ಲಿ ಕೂತ, ಯಾರು ನೀರು ಕೊಟ್ಟರು, ಊಟ ಬಡಿಸಿದವರು ಯಾರು? ನೀನು ಆಗ ಮನೆಯಲ್ಲಿದ್ದೆಯಾ, ಗದ್ದೆಯಲ್ಲಿದ್ದೆಯಾ? ಅಣ್ಣನ ಜೊತೆ ಮಾತಾಡಲು ಬಿಟ್ಟರಾ? ಅವನು ತಂದ ಗಂಟಿನಲ್ಲಿ ಏನಿತ್ತು, ಅದನ್ನು ಬಿಚ್ಚಿದವರು ಯಾರು? ಅಜ್ಜ ಆ ಹೊತ್ತಿಗೆ ಎಲ್ಲಿದ್ದ, ಏನಂದ? ಇಷ್ಟು ಕೇಳಿದರೆ ಎರಡು ನಿಮಿಷದ ಕಥೆ ಅರ್ಧ ಗಂಟೆಯಾಗುತ್ತದೆ. ಕಥೆಯಲ್ಲಿ ಈವರೆಗೆ ಇಲ್ಲದ ಅಜ್ಜ ಅದರೊಳಗೆ ಬಂದು ನಿಲ್ಲುತ್ತಾನೆ. ಆತ ಸುಮ್ಮನಿದ್ದನೋ, ಅತ್ತೆಯ ಪರ ಮಾತಾಡಿದನೋ ಎಂಬುದು ಗೊತ್ತಾದ ಮೇಲೆ ಕದ್ದು ಹೂ ತಂದ ನಾಲ್ಕನೆಯ ಕಥೆ ನಿಮಗೆ ಬೇರೆಯಾಗಿಯೇ ಕೇಳಿಸೀತು. ಎರಡೂ ಒಂದೇ ಮಳೆಗಾಲದ್ದಾ ಎಂದು ಕೇಳಿ ನೋಡಿ.

ರೊಟ್ಟಿಯ ಕಥೆಯನ್ನು ಕೇಳುವುದಕ್ಕಿಂತ ಮಾಡಿಸಿ ನೋಡಿ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರುವವರ ಮನೆಯಿಂದ ಬಂದವರು ಅಕ್ಕಿ ಹಿಟ್ಟನ್ನು ಉಕ್ಕರಿಸಿ ರೊಟ್ಟಿ ಮಾಡುವವರ ಒಲೆ ಮುಂದೆ ಕೂತಿದ್ದಾರೆ. ಜೋಳದ ಕೈ ಅಕ್ಕಿಗೆ ಒಗ್ಗಲಿಲ್ಲವೋ, ಅಥವಾ ಬಡಿಯುವ ಸದ್ದಿಗೇ ನಕ್ಕರೋ ಅವರೇ ಹೇಳಬೇಕು. ನಿಮ್ಮ ಅಮ್ಮನನ್ನು ಸೇರಿಸಿಕೊಂಡು ಒಂದು ದಿನ ಎರಡೂ ಹಿಟ್ಟು ಕಲಸಿ, ಅಜ್ಜಿಯನ್ನು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ, ತಪ್ಪು ಹೇಳಲು ಬಿಡಿ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಅಕ್ಕಿ ರೊಟ್ಟಿ ನಿನಗೆ ಕಲಿಸಿದ್ದು ಯಾರು? ನಕ್ಕವರ ನಡುವೆ ಒಬ್ಬಳು ಕಲಿಸಿದವಳು ಇರಲೇಬೇಕಲ್ಲ. ನಾದಿನಿಯೋ, ನೆಗೆಣ್ಣಿಯೋ, ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸೋ. ಹೊಸ ಸೊಸೆಯ ಮೊದಲ ವರ್ಷವನ್ನು ಸಾಗಿಸಿಕೊಟ್ಟ ಇಂಥ ಒಬ್ಬಳು ಬಹಳ ಮನೆಗಳಲ್ಲಿ ಇರುತ್ತಾಳೆ, ಹೇಳುವ ಕಥೆಯಲ್ಲಿ ಮಾತ್ರ ಬರುವುದಿಲ್ಲ.

ಮೊಬೈಲ್ ವಿಚಾರಕ್ಕೆ ಬಂದರೆ, ವಿಡಿಯೋ ಬಿಟ್ಟುಬಿಡಿ. ಕ್ಯಾಮೆರಾ ಕಂಡ ತಕ್ಷಣ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪುಸ್ತಕದ ಭಾಷೆಗೆ ಹೊರಳುತ್ತಾರೆ. ಬರೀ ಧ್ವನಿ ಸಾಕು. ಹಾಗಂತ ಕದ್ದು ರೆಕಾರ್ಡ್ ಮಾಡುವುದು ಸಲ್ಲ. "ಅಜ್ಜಿ, ಇದರಾಗ ನಿನ್ನ ಮಾತು ಹಿಡೀತೀನಿ, ಬ್ಯಾಡ ಅಂದ್ರ ಅಳಿಸ್ತೀನಿ" ಎಂದು ಹೇಳಿ, ಮೊದಲು ಒಂದು ಒಡಪು ಹೇಳಿಸಿ. ಗಂಡನ ಹೆಸರು ಬಾಯಲ್ಲಿ ಹೇಳದ ಕಾಲದವರು, ಹೆಸರು ಕೇಳಿದರೆ ಒಡಪು ಕಟ್ಟಿ ಹೇಳುತ್ತಿದ್ದರು. ಅದನ್ನು ತಿರುಗಿಸಿ ಕೇಳಿಸಿ. ತಮ್ಮ ದನಿ ತಾವೇ ಕೇಳಿ ನಕ್ಕ ಮೇಲೆ ಅರ್ಧ ಹೆದರಿಕೆ ಹೋಗುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲೆ ಅವರ ಹತ್ತಿರ ಇಟ್ಟು, ಮತ್ತೆ ಅದರ ಕಡೆ ನೋಡಬೇಡಿ. ಫ್ಯಾನ್ ಆರಿಸಿ, ಕುಕ್ಕರ್ ಇಳಿದ ಮೇಲೆ ಕೂತುಕೊಳ್ಳಿ. ಕೈಗೆ ಕೆಲಸ ಇರಲಿ: ಅವರೆಕಾಯಿ ಸುಲಿಯುವುದು, ಬತ್ತಿ ಹೊಸೆಯುವುದು, ಅಕ್ಕಿ ಆರಿಸುವುದು. ಕೈ ಕೆಲಸದಲ್ಲಿದ್ದರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಾಗಿಲ್ಲ, ನಡುವೆ ಸುಮ್ಮನಿದ್ದರೂ ಯಾರಿಗೂ ಮುಜುಗರವಿಲ್ಲ. ಆ ಸುಮ್ಮನಿರುವುದನ್ನು ನೀವು ತುಂಬಲು ಹೋಗದಿದ್ದರೆ ಮುಂದಿನ ಮಾತು ತಾನಾಗಿ ಬರುತ್ತದೆ. ಮುಕ್ಕಾಲು ಗಂಟೆ ಮೀರಿಸಬೇಡಿ. ಕಿವಿ ಮಂದವಾಗಿದ್ದರೆ ಕಿರುಚಬೇಡಿ. ವಯಸ್ಸಿನಲ್ಲಿ ಮೊದಲು ಹೋಗುವುದು ಕೀರಲು ಸ್ವರ ಕೇಳುವ ಶಕ್ತಿ, ಕಿರುಚಿದಷ್ಟೂ ಮಾತು ಕಲಸಿ ಕೇಳಿಸುತ್ತದೆ. ಎದುರಿಗೆ ಕೂತು ತಗ್ಗಿದ ದನಿಯಲ್ಲಿ ನಿಧಾನವಾಗಿ ಹೇಳಿ.

ಇಷ್ಟೆಲ್ಲ ಮಾಡಿದರೂ ಕೋಣೆಯಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಕಥೆ ಬದಲಾಗುತ್ತದೆ. ನಿಮ್ಮ ಅಪ್ಪ ಎದ್ದು ಹೋಗುವುದಕ್ಕೂ ಕಾರಣ ಇದೇ. ಅಜ್ಜಿಯ ಕಥೆಯ ಅತ್ತೆ ನಿಮ್ಮ ಅಪ್ಪನಿಗೆ ಅಜ್ಜಿ. ಸೊಸೆಯನ್ನು ತವರಿಗೆ ಕಳಿಸದ ಆ ಕೈಯೇ ಮೊಮ್ಮಗನಿಗೆ ಬೆಲ್ಲ ಕೊಟ್ಟು ಮಡಿಲಲ್ಲಿ ಮಲಗಿಸಿಕೊಂಡಿದೆ. ಹೊಲ ಗದ್ದೆ ಎಂದು ಸೊಸೆ ಹೊರಗಿದ್ದ ಹೊತ್ತಿನಲ್ಲಿ ಮಕ್ಕಳನ್ನು ಸಾಕಿದವರು ಮನೆಯಲ್ಲಿದ್ದ ಮುದುಕಿಯರೇ. ಹಾಗಾಗಿ ಅಪ್ಪನೂ ಸುಳ್ಳು ಹೇಳುತ್ತಿಲ್ಲ, ಅಜ್ಜಿಯೂ ಹೇಳುತ್ತಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ ತೀರ್ಪು ಕೊಡಲು ಹೋಗಬೇಡಿ. ಅಪ್ಪನನ್ನು ಬೇರೆ ದಿನ, ಬೇರೆಯಾಗಿ, ಅವರ ಅಜ್ಜಿಯ ಬಗ್ಗೆಯೇ ಕೇಳಿ. ನಿಮ್ಮ ಅಮ್ಮ ಜೊತೆಗಿದ್ದರೂ ಅಜ್ಜಿಯ ಮಾತಿನ ಧಾಟಿ ಬೇರೆಯಾಗುತ್ತದೆ, ಯಾಕೆಂದರೆ ಸೊಸೆಯ ಮುಂದೆ ಅತ್ತೆ ಕಾಟದ ಕಥೆ ಹೇಳುವ ಅಜ್ಜಿ ಈಗ ಸ್ವತಃ ಅತ್ತೆ. ಮೊಮ್ಮಕ್ಕಳಿಗೆ ಈ ಹಂಗಿಲ್ಲ.

ಇಸವಿ, ವಯಸ್ಸಿನ ಗೊಂದಲ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಹದಿನಾಲ್ಕು ಮತ್ತು ಹದಿನಾರರ ನಡುವೆ ಒಂದು ಕಾನೂನು ಇದೆ. 1930ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಾರದಾ ಕಾಯ್ದೆಯಲ್ಲಿ ಹುಡುಗಿಗೆ ಕನಿಷ್ಠ 14 ವರ್ಷ ಎಂದಿತ್ತು. 1949ರಲ್ಲಿ ಅದನ್ನು 15 ಮಾಡಿದರು, 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ 15 ಎಂದೇ ಉಳಿಯಿತು. ಹದಿನೆಂಟಾದದ್ದು 1978ರಲ್ಲಿ. ಯಾರಾದರೂ ಕೇಳಿದರೆ "ಹದಿನಾರು ಅನ್ನು" ಎಂದು ಮನೆಯ ಹಿರಿಯರು ಹುಡುಗಿಗೆ ಹೇಳಿಕೊಟ್ಟಿರುವ ಸಾಧ್ಯತೆ ಇದೆ. ಎರಡನ್ನೂ ಬರೆದುಕೊಳ್ಳಿ, ಯಾವುದನ್ನು ಯಾರ ಮುಂದೆ ಹೇಳಿದರು ಎಂಬುದನ್ನೂ.

ಮದುವೆಯ ವರ್ಷಕ್ಕೆ ಲಗ್ನಪತ್ರಿಕೆ ಸಿಕ್ಕರೆ ಕೆಲಸ ಮುಗಿದಂತೆ. ಟ್ರಂಕಿನ ತಳದಲ್ಲೋ ದೇವರ ಗೂಡಿನಲ್ಲೋ ಹುಡುಕಿ. ಇಸವಿ ಇಲ್ಲದಿದ್ದರೂ ಸಂವತ್ಸರ, ಮಾಸ, ತಿಥಿ ಇರುತ್ತವೆ. ಮನ್ಮಥ ಸಂವತ್ಸರ ಅಂದರೆ 1955ರ ಯುಗಾದಿಯಿಂದ 1956ರ ಯುಗಾದಿ, ಮುಂದಿನದು ದುರ್ಮುಖಿ, ಅದರ ಮುಂದಿನದು 1957ರ ಹೇವಿಳಂಬಿ. ಅರವತ್ತು ವರ್ಷಕ್ಕೊಮ್ಮೆ ಮಾತ್ರ ಅದೇ ಹೆಸರು ಮರಳುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಪತ್ರಿಕೆ ಇಲ್ಲದಿದ್ದರೆ ನಿಮ್ಮ ಸೀಮೆಯಲ್ಲಿ ನಡೆದದ್ದನ್ನು ಹಿಡಿದು ಕೇಳಿ. ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಬಂದು, ಆ ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡದ್ದು 1957ರಲ್ಲಿ. ಶಿಕಾರಿಪುರಕ್ಕೆ ಸೊರಬ ಪಕ್ಕದ ತಾಲೂಕು. "ಮಂಗನ ಕಾಯಿಲೆ ಬಂದಾಗ ನೀನು ಈ ಮನೆಗೆ ಬಂದಾಗಿತ್ತಾ, ಹೊಟ್ಟೇಲಿ ಯಾರಿದ್ದರು" ಎಂದು ಕೇಳಿದರೆ ಅಜ್ಜಿ ಇಸವಿಗಿಂತ ಖಚಿತವಾಗಿ ಹೇಳುತ್ತಾರೆ. ಇನ್ನೊಂದು, 1962ರ ಫೆಬ್ರವರಿಯ ಅಷ್ಟಗ್ರಹ ಕೂಟ. ಲೋಕವೇ ಮುಳುಗುತ್ತದೆ ಎಂಬ ಸುದ್ದಿಗೆ ಹೆದರಿದವರು ಆಗ ಬಹಳ ಮಂದಿ. ದುಡ್ಡಿನ ಮಾತಿನಲ್ಲಿ ಸ್ವಲ್ಪ ಎಚ್ಚರ ಇರಲಿ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಆದರೆ ನಾಲ್ಕಾಣೆ, ಎಂಟಾಣೆ ಎಂಬ ಮಾತು ಆಮೇಲೂ ದಶಕಗಟ್ಟಲೆ ಉಳಿಯಿತು. ಮುಕ್ಕಾಸು, ಆರು ಕಾಸು, ಒಂದೂವರೆ ಆಣೆ ಎಂದು ಲೆಕ್ಕ ಹೇಳಿದರೆ ಮಾತ್ರ ಹಳೆಯ ನಾಣ್ಯದ ಕಾಲ ಎಂದುಕೊಳ್ಳಬಹುದು.

ಇಸವಿ ಹಿಡಿಯುವುದರಿಂದ ಒಂದು ಲಾಭವಂತೂ ಇದೆ. ಮದುವೆ 1956ರ ನವೆಂಬರ್ 1ಕ್ಕೆ ಮೊದಲೇ ಆಗಿದ್ದರೆ ನಿಮ್ಮ ಅಜ್ಜಿ ಬೊಂಬಾಯಿ ರಾಜ್ಯದ ಧಾರವಾಡ ಜಿಲ್ಲೆಯಿಂದ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಗೆ ಬಂದ ಸೊಸೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಭಾಷೆ ಒಂದೇ ಆದರೂ ರಾಜ್ಯ ಬೇರೆ, ಮಾತಿನ ರಾಗ ಬೇರೆ, ತಟ್ಟೆಯಲ್ಲಿದ್ದ ಊಟ ಬೇರೆ. ರೊಟ್ಟಿಗೆ ನಕ್ಕವರು ಅವರ ಮಾತಿಗೂ ನಕ್ಕಿರಬಹುದು. ಅಜ್ಜಿ ಇವತ್ತಿಗೂ ತವರಿನ ರಾಗದಲ್ಲೇ ಮಾತಾಡುತ್ತಾರೆ ಎಂದು ನಿಮ್ಮ ಪತ್ರವೇ ಹೇಳುತ್ತಿದೆ. ಅಷ್ಟು ವರ್ಷ ಅದನ್ನು ಹೇಗೆ ಬಿಟ್ಟುಕೊಡದೆ ಉಳಿಸಿಕೊಂಡರೋ, ನನಗೇ ಕೇಳಬೇಕೆನ್ನಿಸುತ್ತದೆ. ರೆಕಾರ್ಡ್ ಆದದ್ದನ್ನು ಬರೆದಿಡುವಾಗ ದಯವಿಟ್ಟು "ಏನೈತಿ"ಯನ್ನು "ಏನಿದೆ" ಎಂದು ತಿದ್ದಬೇಡಿ.

ಒಡವೆಗಳ ಬಗ್ಗೆ ಒಂದು ಮಧ್ಯಾಹ್ನ ಪೂರ್ತಿ ಇಟ್ಟುಕೊಳ್ಳಿ. ತವರಿನಿಂದ ಏನೇನು ಹಾಕಿ ಕಳಿಸಿದರು ಎಂದು ಕೇಳಿ, ಬುಗುಡಿ, ಬೋರಮಾಳ, ಪಾಟ್ಲಿ ಎಂದು ಒಂದೊಂದಾಗಿ ಬರೆದು, ಪ್ರತಿಯೊಂದರ ಮುಂದೆ "ಈಗ ಎಲ್ಲಿದೆ" ಎಂದು ಕೇಳುತ್ತ ಹೋಗಿ. ಒಂದು ನಾದಿನಿಯ ಮದುವೆಗೆ ಹೋಗಿರುತ್ತದೆ, ಇನ್ನೊಂದು ಎತ್ತು ಕೊಳ್ಳಲು ಒತ್ತೆಗೆ ಹೋಗಿ ಬಿಡಿಸಲಾಗದೆ ಮುಳುಗಿರುತ್ತದೆ, ಮತ್ತೊಂದನ್ನು ಕರಗಿಸಿ ನಿಮ್ಮ ಸೋದರತ್ತೆಗೆ ಬಳೆ ಮಾಡಿಸಿರುತ್ತಾರೆ. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ಬಂದು ಹೊಸ ಒಡವೆ 14 ಕ್ಯಾರೆಟ್ ಮೀರಬಾರದು ಎಂದಾದಾಗ ಪತ್ತಾರರ ಕೈಗೆ ಕೆಲಸವಿಲ್ಲದಂತಾಗಿತ್ತು. ಆ ಹೊತ್ತಿಗೆ ಕರಗಿಸಿದ್ದೋ, ಆಮೇಲೋ? ಮನೆಯ ಸಾಲ, ಬರ, ಮದುವೆಗಳ ಲೆಕ್ಕ ಗಂಡಸರ ಕಡತದಲ್ಲಿ ಇರದಿದ್ದರೂ ಈ ಪಟ್ಟಿಯಲ್ಲಿ ಇರುತ್ತದೆ. ಕೊಡುವಾಗ ನಿನ್ನನ್ನು ಕೇಳಿದರಾ ಎಂಬುದನ್ನು ಕೊನೆಗೆ ಕೇಳಿ.

ಮಕ್ಕಳ ವಿಚಾರದಲ್ಲಿ ಪ್ರಶ್ನೆ ಬದಲಾದರೆ ಉತ್ತರವೇ ಬದಲಾಗುತ್ತದೆ. "ಎಷ್ಟು ಮಕ್ಕಳು" ಎಂದರೆ ಬದುಕಿರುವವರ ಲೆಕ್ಕ ಬರುತ್ತದೆ. "ಎಷ್ಟು ಬಾಣಂತನ ಆದ್ವು" ಎಂದರೆ ಸಂಖ್ಯೆ ಹೆಚ್ಚಾಗುವುದುಂಟು. 1971ರಲ್ಲೂ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅಜ್ಜಿಯ ಮೊದಲ ಹೆರಿಗೆ ಅದಕ್ಕೂ ಹಿಂದಿನದು. ಈ ಪ್ರಶ್ನೆಯನ್ನು ಮೊದಲ ದಿನ ಕೇಳಬಾರದು, ಬೇರೆಯವರಿದ್ದಾಗಲೂ ಕೇಳಬಾರದು. ಕೇಳಿದ ಮೇಲೆ ಎದ್ದು ಹೋಗುವ ಅವಸರವೂ ಇರಬಾರದು. ಅತ್ತರೆ ಫೋನ್ ನಿಲ್ಲಿಸಿ, ಕೈ ಹಿಡಿದು ಕೂತುಕೊಳ್ಳಿ. ಆ ಮಗುವಿಗೆ ಹೆಸರಿಟ್ಟಿದ್ದರೆ ಅಜ್ಜಿ ಹೇಳಿಯಾರು. ಆ ಹೆಸರು ಮನೆಯ ಯಾವ ಕಾಗದದಲ್ಲೂ ಇರಲಿಕ್ಕಿಲ್ಲ.

ಅಜ್ಜಿಗೆ ಮರೆವು ಬಂದಿದೆಯೇನೋ ಎಂಬ ಅನುಮಾನವೂ ಇದ್ದರೆ ಒಂದು ವಿಷಯ ತಿಳಿದಿರಲಿ. ವಯಸ್ಸಾದವರಿಗೆ ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪೇ ಎಲ್ಲಕ್ಕಿಂತ ಹೆಚ್ಚು ಉಳಿದಿರುತ್ತದೆ. ನಿನ್ನೆಯ ಸಾರು ಮರೆತು ಮದುವೆಯ ಚಪ್ಪರ ನೆನಪಿರುವುದು ವಿಚಿತ್ರವೇನಲ್ಲ. ಆದರೆ ಮನೆಯೊಳಗೇ ದಾರಿ ತಪ್ಪುವುದು, ಮಗನನ್ನು ಗಂಡನೆಂದು ಕರೆಯುವುದು, ತವರಿಗೆ ಹೊರಟು ನಿಲ್ಲುವುದು ಶುರುವಾಗಿದ್ದರೆ ಕಥೆ ಕೇಳುವುದಕ್ಕೆ ಮೊದಲು ವೈದ್ಯರಿಗೆ ತೋರಿಸಿ.

ಕೊನೆಯದಾಗಿ ನೀವು ಕೇಳದಿದ್ದ ಒಂದು ಮಾತು. ಈ ರೆಕಾರ್ಡಿಂಗ್‌ಗಳನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದರಲ್ಲಿ ಬರುವ ಅತ್ತೆ, ನಾದಿನಿ, ಭಾವಂದಿರ ಮಕ್ಕಳು ಮೊಮ್ಮಕ್ಕಳು ಅದೇ ಗುಂಪಿನಲ್ಲಿದ್ದಾರೆ. ಒಬ್ಬರು "ಹಾಗಲ್ಲ" ಎಂದು ಬರೆದರೆ ಸಾಕು, ಸಂಜೆಯೊಳಗೆ ಅಜ್ಜಿಗೆ ಸುದ್ದಿ ಮುಟ್ಟಿ ಬಾಯಿ ಮುಚ್ಚುತ್ತದೆ. ಪ್ರತಿ ಸಲ ಶುರುವಿನಲ್ಲೇ ತಾರೀಖು, ಊರು, ಯಾರು ಯಾರು ಕೂತಿದ್ದೇವೆ ಎಂದು ನಿಮ್ಮ ದನಿಯಲ್ಲಿ ಹೇಳಿ, ಫೈಲಿಗೂ ಅದೇ ಹೆಸರಿಟ್ಟು, ಎರಡು ಕಡೆ ಕಾಪಿ ಇಡಿ. ಮುಗಿದ ಮೇಲೆ ಯಾವುದನ್ನು ಯಾರು ಕೇಳಬಹುದು ಎಂದು ಅಜ್ಜಿಯನ್ನೇ ಕೇಳಿ ಬರೆದುಕೊಳ್ಳಿ. "ನಾ ಹೋದ ಮ್ಯಾಲೆ ಕೇಳ್ರಿ" ಎಂದರೆ ಹಾಗೇ ಆಗಲಿ. "ಇದನ್ನ ಅಳಿಸು" ಎಂದರೆ ಅವರ ಎದುರಿಗೇ ಅಳಿಸಿ, ಎಷ್ಟೇ ಹೊಟ್ಟೆ ಉರಿದರೂ.